ಬಾಲವಿಲ್ಲದ ಗಂಟು

ಮಧ್ಯಾಹ್ನ ಮೂರಕ್ಕೆ ಕರ್ನಲ್ ಸಾಹೇಬರು ಬೀರು ತೆರೆದಾಗ, ನಾಳೆಯ ಅಂತಿಮ ಪರೀಕ್ಷೆಯ ಪ್ರಶ್ನೆಪತ್ರಿಕೆ ಇದ್ದ ಕಡತವನ್ನು ಯಾರೋ ಬಿಚ್ಚಿ ಮತ್ತೆ ಕಟ್ಟಿದ್ದರು. ಬೀಗದ ಕೈ ಇದ್ದದ್ದು ಕಾವಲಿಗೆ ಕೂತಿದ್ದ ನನ್ನ ಮೇಜಿನ ಮೇಲೆ.

ನಾವು ಎಂಟು ಜನ ವಕೀಲರು ಸೈನ್ಯದ ಕಾನೂನು ಅಧಿಕಾರಿಗಳಾಗಲು ತರಬೇತಿಗೆ ಸೇರಿ ಆರು ವಾರವಾಗಿತ್ತು. ಕಳ್ಳತನ ನನ್ನ ತಲೆಗೆ ಬಂದರೆ ಸಂಜೆ ಬಸ್ಸಿಗೇ ಮನೆ.

"ಕಾವಲು ಬಿಟ್ಟು ಎಲ್ಲಿಗೆ ಹೋಗಿದ್ದೆ?"

"ವರಾಂಡಕ್ಕೆ ಸರ್, ಹತ್ತೇ ನಿಮಿಷ. ಮೋಡ ಒಂದು ಆನೆ ಥರ ಇತ್ತು."

ಬಾಗಿಲಲ್ಲಿ ನಿಂತಿದ್ದ ಕವಾಯತು ಮಾಸ್ತರು ನನ್ನ ಕಾಲು ನೋಡಿದರು. "ಆನೆ ಇರ್ಲಿ, ನಿನ್ನ ಬೂಟಿನ ಬಾಲ ನೋಡ್ಕೊ. ದಾರದ ತುದಿ ಒಳಗೆ ಸಿಗಿಸು ಅಂತ ದಿನಾ ಬಡ್ಕೊಳ್ತೀನಿ."

ಅಷ್ಟರಲ್ಲಿ ನನ್ನ ಕೋಣೆಯ ಗೆಳತಿ ನುಗ್ಗಿದಳು. ಎಲ್ಲಿ ಏನು ಕಳೆದರೂ ಮೊದಲು ತಲುಪುತ್ತಿದ್ದ ಆ ಪುಟ್ಟ ಆಳಿಗೆ ನಾವಿಟ್ಟ ಹೆಸರು ಇರುವೆ. ಅವಳು ಕಡತದ ಮೇಲೆ ಮೂಗು ತಾಗುವಷ್ಟು ಬಾಗಿದಳು. ದಾರ ಬಿಗಿಯಾಗಿತ್ತು, ಅದರ ತುದಿಗಳು ಮಾತ್ರ ಎಲ್ಲೂ ಕಾಣಲಿಲ್ಲ.

"ಸರ್, ನೀವು ಹೇಗೆ ಕಟ್ಟಿದ್ರಿ?"

"ಹೂಗಂಟು, ಎರಡೂ ತುದಿ ಹೊರಗೆ. ಮೂವತ್ತು ವರ್ಷದಿಂದ ಹಾಗೇ."

ಅವಳ ಕಣ್ಣು ಮಿಂಚಿತು. ನಾನು ಮೇಜಿನ ಹತ್ತಿರಕ್ಕೆ ಸರಿದೆ. ಅಜ್ಜಿ ಕತೆ ಹೇಳುವಾಗ ರಾಕ್ಷಸನ ಪ್ರಾಣವಿರುವ ಗಿಳಿಯ ಹತ್ತಿರ ಬಂದಾಗ ಹೀಗೇ ಅವಳ ಪಕ್ಕಕ್ಕೆ ಸರಿಯುತ್ತಿದ್ದೆ.

"ಎಲ್ಲರನ್ನೂ ಕರೀರಿ ಸರ್. ಒಬ್ಬೊಬ್ಬರಿಗೂ ಒಂದು ಖಾಲಿ ಕಡತ, ಒಂದು ದಾರ."

ಎಲ್ಲರೂ ಸೇರಿದರು. "ಹತ್ತು ಎಣಿಸೋದ್ರೊಳಗೆ ಕಟ್ಟಿ," ಎಂದಳು ಇರುವೆ. "ಮಾಸ್ತರೇ, ನೀವೂನೂ."

ಮೇಜಿನ ಮೇಲೆ ಒಂಬತ್ತು ಕಡತ. ಎಂಟಕ್ಕೆ ಬಾಲವಿತ್ತು, ಒಂದಕ್ಕೆ ಇರಲಿಲ್ಲ.

"ಕೋರ್ಟಲ್ಲಿ ಕಡತ ಗಳಿಗೆಗೊಮ್ಮೆ ಬಿಚ್ಚಬೇಕು," ಎಂದಳು ಇರುವೆ. " ಎಳೆದ ತಕ್ಷಣ ಬರ್ಲಿ ಅಂತ ವಕೀಲರು ತುದಿ ಹೊರಗೆ ಬಿಡ್ತೀವಿ. ಕವಾಯತಲ್ಲಿ ಬೂಟಿನ ದಾರ ಬಿಚ್ಕೊಂಡ್ರೆ ಮುಗ್ಗರಿಸ್ತಾರೆ, ಅದಕ್ಕೇ ತುದಿ ಒಳಗೆ. ಆರು ವಾರ ಬೈಸ್ಕೊಂಡ್ರೂ ನಮ್ಮ ಕೈ ಇನ್ನೂ ಕೋರ್ಟಿಂದೇ. ಅವಸರದಲ್ಲಿ ಕೈ ತನಗೆ ರೂಢಿಯಾದ ಗಂಟನ್ನೇ ಹಾಕುತ್ತೆ."

ಮಾಸ್ತರು ತಮ್ಮ ಕಡತವನ್ನೇ ನೋಡುತ್ತಿದ್ದರು.

"ಆರು ವರ್ಷದಿಂದ ರಜೆಯಲ್ಲೆಲ್ಲ ಕಾನೂನು ಓದ್ತಿದೀನಿ ಸರ್. ನಿಮ್ಮ ಪ್ರಶ್ನೆಗೆ ನನಗೆ ಉತ್ತರ ಬರುತ್ತಾ ಅಂತ ನೋಡ್ಬೇಕಿತ್ತು. ಈ ಹುಡುಗಿ ತಲೆಗೆ ಬಂದಾಗ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ."

ಕರ್ನಲ್ ಬಾಲವಿಲ್ಲದ ಕಡತವನ್ನು ಕೈಗೆತ್ತಿಕೊಂಡರು. "ಎಷ್ಟು ಬಂತು?"

"ಐದರಲ್ಲಿ ನಾಲ್ಕು ಸರ್."

"ಹ್ಞೂಂ. ಪರೀಕ್ಷೆಗೆ ಬೇರೆ ಪತ್ರಿಕೆ ಬರೀತೀನಿ." ಆಮೇಲೆ ನನ್ನ ಕಡೆ ತಿರುಗಿದರು. "ಆನೆ ನೋಡಿದ್ದಕ್ಕೆ ನೀನು ಮೈದಾನ ಹತ್ತು ಸುತ್ತು. ಮಾಸ್ತರ ಮೇಲೆ ವಿಚಾರಣೆ ಆಗಲೇಬೇಕು. ಇವರ ಪರ ಯಾರು ನಿಲ್ತೀರಿ?"

ನಾನು ಮುಂದೆ ಬಂದು ಮಾಸ್ತರ ಪಕ್ಕ ನಿಂತೆ.

"ನಾನು ಸರ್."

ಕರ್ನಲ್ ನನ್ನ ಹೆಸರು ಬರೆದುಕೊಂಡರು. ಪಕ್ಕದಲ್ಲಿ ನಿಂತಿದ್ದ, ಸೈನ್ಯದಲ್ಲಿ ನನ್ನ ಮೊದಲ ಕಕ್ಷಿದಾರರು, ತುಟಿ ಅಲ್ಲಾಡಿಸದೆ, ನನಗಷ್ಟೇ ಕೇಳುವಂತೆ ಹೇಳಿದರು:

"ಗದ್ದ ಮೇಲೆ."

ಎತ್ತಿದೆ.