ಎಂಜಲ ಹಾಸು

"ಆ ಹಳೆ ಎಳೆಗಳನ್ನು ಕಿತ್ತು ಸಮುದ್ರಕ್ಕೆ ಹಾಕಿ. ಅವುಗಳಿಗೆ ಹೊಸ ನೂಲು ಕಟ್ಟಬೇಡಿ." ಹೇಮಾಕ್ಷಿ ತಾನು ಮಾರುತ್ತಿದ್ದ ಮಗ್ಗದಿಂದ ಒಂದು ಮಾರು ದೂರ ನಿಂತೇ ಹೇಳಿದಳು. "ಕಟ್ಟಲೇಬೇಕು ಅಂತಾದರೆ ಬೆರಳಿಗೆ ಬೂದಿ ಮುಟ್ಟಿಸಿಕೊಳ್ಳಿ. ಎಂಜಲು ಮಾತ್ರ ತಾಗಿಸಬೇಡಿ ಮಾರ್ರೆ."

"ತಾಗಿಸಿದ್ರೆ ಎಂತ ಆಗ್ತದೆ?" ತೃಪ್ತಿ ಕೇಳಿದಳು.

"ನೇಯುವವರು ಯಾರೂ ತಾಗಿಸುವುದಿಲ್ಲ. ಅಷ್ಟೇ."

"ಅಕ್ಕ, ಎಂಜಲು ಅಂದರೆ ನೀರು, ಸ್ವಲ್ಪ ಉಪ್ಪು, ಸ್ವಲ್ಪ ಕಿಣ್ವ. ನಾನು ಕೆಮಿಸ್ಟ್ರಿ ಪಾಠ ಮಾಡುವವಳು."

'ಮಾಡುತ್ತಿದ್ದವಳು' ಎಂದು ಅವಳ ತಲೆಯೊಳಗೆ ಯಾರೋ ತಿದ್ದಿದರು. ತೃಪ್ತಿ ಹಲ್ಲು ಕಚ್ಚಿದಳು.

ಉರ್ವ ಮಾರ್ಕೆಟಿನ ಹಿಂದಿನ ಆ ಮನೆಯ ಶೆಡ್ಡಿನಲ್ಲಿ ಹಳಸಿದ ಗಂಜಿಯ ವಾಸನೆಯಿತ್ತು. ಮಗ್ಗದ ಮರ ಬೆವರಿನಿಂದ ಕಪ್ಪಾಗಿತ್ತು. ನೂಲನ್ನು ಬಡಿದು ಕೂರಿಸುವ ಹಣಿಗೆ ದೊಡ್ಡ ಬಾಚಣಿಗೆಯ ಹಾಗಿತ್ತು. ಅದರ ಸಂದುಗಳಿಂದ ಗೇಣುದ್ದದ ಎಳೆಗಳು ಜೋತುಬಿದ್ದಿದ್ದವು. ಹಿಂದಿನ ಬಟ್ಟೆಯನ್ನು ಕತ್ತರಿಸಿ ಇಳಿಸಿದ ಮೇಲೆ ಉಳಿದ ತುದಿಗಳು. ಒಂದು ಕಾಲದಲ್ಲಿ ಬಿಳಿಯಾಗಿದ್ದಿರಬೇಕು. ಈಗ ಎಲೆಯಡಿಕೆ ಉಗುಳಿದ ಗೋಡೆಯ ಬಣ್ಣ.

"ಅತ್ತೆಯ ಮಗ್ಗ ಇದು," ಹೇಮಾಕ್ಷಿ ದನಿ ತಗ್ಗಿಸಿದಳು. "ನನ್ನ ನಾದಿನಿಯನ್ನು ಒಬ್ಬ ಹಾಳು ಮಾಡಿ ಕೈಬಿಟ್ಟ. ಅತ್ತೆ ಘಟ್ಟದ ಮೇಲಿನ ಒಬ್ಬ ಮಂತ್ರವಾದಿಯಿಂದ ನೂಲಿಗೆ ಎಂತದೋ ಮಾಡಿಸಿಕೊಂಡು ಬಂದ್ರು. ಆ ಕೈಬಿಟ್ಟವನ ಬನಿಯನ್ನಿನ ಎಳೆ ಬಿಚ್ಚಿ, ಆ ನೂಲನ್ನು ಅಡ್ಡಕ್ಕೆ ಹಾಕಿ ನೇಯ್ದ್ರು. ಬಟ್ಟೆ ಮುಗಿದ ದಿನ ಅವನು ಕೂತಲ್ಲೇ ಹೋದ."

"ನಿಮ್ಮ ಅತ್ತೆ?"

"ಅವರೂ ಅದೇ ದಿನ. ಕತ್ತರಿ ಕೊಟ್ಟದ್ದು ನಾನೇ." ಹೇಮಾಕ್ಷಿ ಹೊರಗೆ ನೋಡಿದಳು. "ವಯಸ್ಸಾಗಿತ್ತು. ಅದು ಬೇರೆ ವಿಷಯ."

"ಒಳ್ಳೆ ಪ್ಯಾಕೇಜು. ಮಗ್ಗದ ಜೊತೆ ದೆವ್ವ ಫ್ರೀ," ಎಂದು ತೃಪ್ತಿ ನಕ್ಕಳು. ಹೇಮಾಕ್ಷಿ ನಗಲಿಲ್ಲ. ಮಗ್ಗ ಗೂಡ್ಸ್ ಟೆಂಪೋ ಹತ್ತಿದ ಕೂಡಲೇ ಅಂಗಳಕ್ಕೆ ನೀರು ಚೆಲ್ಲಿ ಬಾಗಿಲು ಹಾಕಿಕೊಂಡಳು.

ನೇಯ್ಗೆ ತೃಪ್ತಿಯ ಆಸೆಯೇನಲ್ಲ, ಡಾಕ್ಟರರ ಸಲಹೆ. ನಿದ್ದೆಯಲ್ಲಿ ಹಲ್ಲು ಕಡಿದು ಕಡಿದು ಅವಳ ದವಡೆ ಊದಿಕೊಳ್ಳುತ್ತಿತ್ತು. "ಕೈಗೊಂದು ಕೆಲಸ ಕೊಡಿ, ಮನಸ್ಸಿನ ಭಾರ ಇಳಿಯುತ್ತದೆ," ಎಂದಿದ್ದರು. ಆದರೆ ದವಡೆಯ ನಡುವೆ ಇದ್ದದ್ದು ಒಬ್ಬ ಮನುಷ್ಯ. ವಿಶ್ವೇಶ. ಅವಳದೇ ಪಿಯು ಕಾಲೇಜಿನ ಫಿಸಿಕ್ಸ್ ಉಪನ್ಯಾಸಕ. ಪೂರ್ವಸಿದ್ಧತಾ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಫೋಟೊ ವಿದ್ಯಾರ್ಥಿಗಳ ಮೊಬೈಲುಗಳಲ್ಲಿ ಸುತ್ತಿದಾಗ, ಅದು ತೃಪ್ತಿಯ ಮೇಜಿನ ಮೇಲೆ ತೆಗೆದ ಫೋಟೊ ಎಂದು ಪ್ರಿನ್ಸಿಪಾಲರಿಗೆ ತೋರಿಸಿಕೊಟ್ಟವನು. ಮೇಜು ಅವಳದೇ. ಫೋಟೊ ತೆಗೆದವನು ಅವನು. ಪ್ರಶ್ನೆಪತ್ರಿಕೆ ಇಟ್ಟಿದ್ದ ಕಪಾಟಿನ ಕೀಲಿ ಇದ್ದದ್ದು ಅವರಿಬ್ಬರ ಬಳಿ ಮಾತ್ರ. ಅವನ ಮಾತು ನಡೆಯಿತು, ಅವಳದು ನಡೆಯಲಿಲ್ಲ, ಕೆಲಸ ಹೋಯಿತು. ಈಗ ದೇರೆಬೈಲಿನ ಬಸ್ ಸ್ಟಾಪಿನಲ್ಲಿ ಹಳೆಯ ವಿದ್ಯಾರ್ಥಿಗಳು ಅವಳನ್ನು ಕಂಡು ಫೋನಿಗೆ ತಲೆ ತಗ್ಗಿಸುತ್ತಿದ್ದರು. ಬೇರೆ ಯಾವ ಕಾಲೇಜೂ ಅವಳನ್ನು ಒಳಗೆ ಕರೆಯುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ತನ್ನ ಹೆಸರು. ಹಾಗಂತ ಅವಳು ಅಂದುಕೊಂಡಿದ್ದಳು.

ಬಾಡಿಗೆ ಮನೆಯ ಕಾರ್ ಶೆಡ್ಡಿಗೆ ಮಗ್ಗ ಬಂತು. ಹಣಿಗೆಯ ನೂರಾರು ಸಂದುಗಳಿಗೆ ಹೊಸದಾಗಿ ನೂಲು ಪೋಣಿಸುವುದು ವಾರಗಟ್ಟಲೆ ಕೆಲಸ. ಹಳೆ ಎಳೆಯ ತುದಿಗೆ ಹೊಸ ಎಳೆಯ ತುದಿ ಹೊಸೆದು ಕಟ್ಟಿ, ಒಟ್ಟಿಗೆ ಎಳೆದುಕೊಂಡರೆ ಮುಗಿಯಿತು. ಯೂಟ್ಯೂಬಿನಲ್ಲಿ ಒಬ್ಬಳು ಬಿಳಿ ಹೆಂಗಸು ಅದನ್ನು ಹಾಡುತ್ತಾ ಮಾಡುತ್ತಿದ್ದಳು. ಬೆರಳನ್ನು ನಾಲಿಗೆಗೆ ತಾಗಿಸಿ, ಹೊಸೆದು, ಗಂಟು.

ತೃಪ್ತಿ ನೇಕಾರರ ಸೊಸೈಟಿಯಿಂದ ತಂದ ಬಿಳಿ ಹಾಸನ್ನು, ಅಂದರೆ ಉದ್ದಕ್ಕೆ ಹರಡುವ ನೂಲನ್ನು, ಸುರುಳಿಯಿಂದ ಬಿಚ್ಚಿದಳು. ಮನೆಯಲ್ಲಿ ಬೂದಿ ಇರಲಿಲ್ಲ. ಗ್ಯಾಸ್ ಒಲೆಯವರ ಮನೆಯಲ್ಲಿ ಎಲ್ಲಿಯ ಬೂದಿ? ಬೆರಳು ನೆಕ್ಕಿದಳು. ಹೊಸೆದಳು. ಗಂಟು ಹಾಕಿದಳು. ಮತ್ತೆ ನೆಕ್ಕಿದಳು. ಹಳೆ ನೂಲಿನ ರುಚಿ ನಾಲಿಗೆಗೆ ಏರಿತು. ಕಬ್ಬಿಣ, ಕಹಿ, ಹಿಂದೆ ಒಂದು ಕೊಳೆತ ಸಿಹಿ. ಎರಡನೆಯ ದಿನ ಬಾಯಿ ಒಣಗತೊಡಗಿತು. ನೀರು ಕುಡಿದು ಮುಂದುವರಿಸಿದಳು. ಒಂದು ಎಳೆಯನ್ನೂ ಬಿಡಲಿಲ್ಲ. ಕೊನೆಯ ಗಂಟು ಬಿದ್ದಾಗ ಹಾಸು ಇಡಿಯಾಗಿ ತಾನೇ ಬಿಗಿದುಕೊಂಡಿತು, ಯಾರೋ ಆ ತುದಿಯಲ್ಲಿ ಕೂತು ಜಗ್ಗಿದ ಹಾಗೆ. ಹಲ್ಲಿನ ಬುಡದಲ್ಲಿ ಸಣ್ಣ ಸೆಳೆತ. ಕ್ಯಾವಿಟಿ ಇರಬೇಕೆಂದುಕೊಂಡಳು.

ನೇಯ್ಗೆ ನಿಜಕ್ಕೂ ಹಿತವಾಗಿತ್ತು. ಕಾಲಲ್ಲಿ ಮಣೆ ತುಳಿದರೆ ಹಾಸು ಎರಡಾಗಿ ಬಾಯಿ ತೆರೆಯುತ್ತದೆ. ನೂಲು ಹೊತ್ತ ಲಾಳಿ ಅಡ್ಡಕ್ಕೆ ಓಡುತ್ತದೆ, ಖಟ್. ಹಣಿಗೆ ಬಡಿಯುತ್ತದೆ, ಧಪ್. ಖಟ್, ಧಪ್. ಒಂದು ವಾರ ಅವಳು ಹಲ್ಲು ಕಡಿಯಲಿಲ್ಲ.

ಆಮೇಲೆ ಕರ್ಚೀಫು ಸಿಕ್ಕಿತು. ಲ್ಯಾಬಿನ ಬಿಳಿ ಕೋಟಿನ ಜೇಬಿನಲ್ಲಿ, ನೀಲಿ ಅಂಚಿನ ಗಂಡಸರ ಕರ್ಚೀಫು. ಹಿಂದೊಮ್ಮೆ ಅವಳ ಕೈಗೆ ಆಸಿಡ್ ಹಾರಿದಾಗ ವಿಶ್ವೇಶ ಓಡಿಬಂದು ಕೊಟ್ಟದ್ದು. ಆಗ ಅವನು ಒಳ್ಳೆಯವನಾಗಿದ್ದ. ಅದಕ್ಕಿನ್ನೂ ಬೆವರಿನ, ಹೇರಾಯಿಲಿನ ವಾಸನೆಯಿತ್ತು. ತೃಪ್ತಿ ಹೇಮಾಕ್ಷಿಯ ಕತೆಯನ್ನು ನೆನೆದು ನಕ್ಕಳು. ನಗುತ್ತಲೇ ಅಂಚು ಹರಿದು, ನೂಲು ಒಂದೊಂದಾಗಿ ಬಿಚ್ಚಿ, ತುದಿಗೆ ತುದಿ ಕಟ್ಟಿ, ಲಾಳಿಗೆ ಸುತ್ತಿ ಹಾಕಿದಳು. ಡಾಕ್ಟರರೇ ಹೇಳಿದ್ದಾರಲ್ಲ, ಸಿಟ್ಟನ್ನು ಕೈಯಿಂದ ಇಳಿಸಿ ಎಂದು.

ಖಟ್. ಧಪ್. ಇದು ನನ್ನ ಮೇಜಿಗೆ. ಖಟ್. ಧಪ್. ಇದು ಬಸ್ ಸ್ಟಾಪಿಗೆ.

ಮರುದಿನ ರೇಚಲ್ ಫೋನ್ ಮಾಡಿದಳು. ಅವಳು ಕಾಲೇಜಿನ ಲ್ಯಾಬ್ ಸಹಾಯಕಿ. ತೃಪ್ತಿಯ ಪರವಾಗಿ ಮಾತಾಡದಿದ್ದರೂ ಫೋನ್ ಮಾಡುವುದನ್ನು ಬಿಟ್ಟಿರಲಿಲ್ಲ. "ಗೊತ್ತುಂಟಾ? ವಿಶ್ವೇಶ್ ಸರ್ ನಿನ್ನೆ ಕ್ಲಾಸಲ್ಲೇ ಬಿದ್ರು. ಉಸಿರು ಹಿಡಿದುಕೊಂಡಿತಂತೆ. ಇಸಿಜಿ ಎಲ್ಲ ನಾರ್ಮಲ್. ಎದೆ ಮೇಲೆ ಅಡ್ಡಡ್ಡ ಗೆರೆ ಎದ್ದಿದೆ ಮಾರಾಯ್ತಿ, ದಾರದಲ್ಲಿ ಕಟ್ಟಿದ ಹಾಗೆ."

"ಎಷ್ಟು ಹೊತ್ತಿಗೆ?"

"ಊಟದ ಬೆಲ್ಲಿಗೆ ಮೊದಲು."

ತೃಪ್ತಿ ಫೋನ್ ಇಟ್ಟಳು. ನಿನ್ನೆ ಅದೇ ಹೊತ್ತಿಗೆ ಅವಳು ಕರ್ಚೀಫಿನ ನೂಲು ನೇಯುತ್ತಿದ್ದಳು. ಒಂದು ಸಲ ಆದದ್ದು ಕಾಕತಾಳೀಯ. ಎರಡನೆಯ ಸಲವೂ ಆದರೆ ಪ್ರಯೋಗ. ಅವಳು ಮಕ್ಕಳಿಗೆ ಹೇಳಿಕೊಟ್ಟದ್ದೇ ಅದು. ಮೂರು ದಿನ ಕಾದಳು. ಅವನು ಕೆಲಸಕ್ಕೆ ಮರಳಿದ ಸುದ್ದಿ ಬಂತು. ಚಾ ವಿರಾಮದ ಹೊತ್ತಿಗೆ ರೇಚಲ್‌ಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಮಗ್ಗದ ಮೇಲಿಟ್ಟಳು.

"ವಿಶ್ವೇಶ ಎಲ್ಲಿದ್ದಾನೆ?"

"ಇಲ್ಲೇ ಸ್ಟಾಫ್ ರೂಮಲ್ಲಿ, ಆಚೆ ಮೇಜು. ಚಾ ಕುಡೀತಾ ಇದ್ದಾರೆ. ಯಾಕೆ?"

"ಸುಮ್ನೆ."

ಖಟ್. ಹಣಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ಎಳೆದುಕೊಂಡಳು. ಧಪ್.

ಫೋನಿನಲ್ಲಿ ಲೋಟ ಒಡೆಯಿತು.

ಖಟ್. ಧಪ್. ಯಾರೋ ಕೆಮ್ಮಿದರು. ಕೆಮ್ಮು ಹೊರಬರಲಿಲ್ಲ, ಒಳಗೇ ಸಿಕ್ಕಿಕೊಂಡಿತು. ಕುರ್ಚಿ ಎಳೆದ ಸದ್ದು. ಕೂಗು. ಖಟ್. ಧಪ್. ಗಂಟಲಿನಿಂದ ತೆಳ್ಳಗಿನ ಒಂದು ಸಿಳ್ಳೆ. ತೃಪ್ತಿಗೆ ಆ ಸದ್ದು ಎಷ್ಟು ಹಿತವಾಯಿತೆಂದರೆ ಅವಳಿಗೇ ನಾಚಿಕೆಯಾಯಿತು. ನಾಚಿಕೆಯಾದರೂ ಇನ್ನೊಮ್ಮೆ ಬಡಿದಳು.

"ತೃಪ್ತಿ." ರೇಚಲ್ ಪಿಸುಗುಟ್ಟಿದಳು. "ಆ ಶಬ್ದ ಎಂತದ್ದು? ನೀನು ಎಂತ ಮಾಡ್ತಾ ಇದ್ದಿ?"

ಆ ಶನಿವಾರ ಮಧ್ಯಾಹ್ನ ಕರೆಂಟ್ ಹೋಗಿತ್ತು. ಶೆಡ್ಡಿನ ಶಟರನ್ನು ಅರ್ಧ ಇಳಿಸಿದ್ದರಿಂದ ಒಳಗೆ ಕತ್ತಲೆ, ಸೆಕೆ, ಬೆವರು, ಗಂಜಿಯ ಹುಳಿ. ಹೊರಗೆ ಸ್ಕೂಟರ್ ನಿಂತಿತು. ಶಟರಿನ ಕೆಳಗೆ ಎರಡು ಕಾಲು ಕಂಡವು. ಆಮೇಲೆ ವಿಶ್ವೇಶ ಬಗ್ಗಿ ಒಳಗೆ ಬಂದ. ಅಷ್ಟಕ್ಕೇ ಏದುಸಿರು. ಕಾಲರಿನ ಮೇಲೆ, ಕುತ್ತಿಗೆಯಲ್ಲಿ, ಕೆಂಪು ಗೆರೆಗಳು ಒತ್ತೊತ್ತಾಗಿ ಎದ್ದಿದ್ದವು.

"ರೇಚಲ್ ಹೇಳಿದಳು," ಎಂದ. "ನೀನು ಎಂತದೋ ಮಾಡಿಸಿದ್ದಿ ಅಂತ."

"ಮಾಡಿಸಿದ್ದಲ್ಲ. ಸ್ವಂತ ಕೈಕೆಲಸ."

ಅವನು ಮಗ್ಗ ನೋಡಿದ. ಬಿಳಿ ಬಟ್ಟೆಯ ತುದಿಯಲ್ಲಿ ಅಂಗೈ ಅಗಲದ ಪಟ್ಟಿ, ಅಲ್ಲಲ್ಲಿ ನೀಲಿ. ಅವನಿಗೆ ಗುರುತು ಹತ್ತಿತು. ಅಲ್ಲೇ ನೆಲಕ್ಕೆ ಕೂತ.

"ಬಿಚ್ಚು ತೃಪ್ತಿ. ನಿನ್ನ ಕಾಲು ಹಿಡೀತೇನೆ. ಉಸಿರು ಎಳೀಲಿಕ್ಕೆ ಆಗೂದಿಲ್ಲ."

"ಪ್ರಿನ್ಸಿಪಾಲರ ಹತ್ತಿರ ನನ್ನ ಹೆಸರು ಹೇಳುವಾಗ ಉಸಿರು ಸರಿ ಇತ್ತಲ್ಲ?"

"ತಪ್ಪಾಯ್ತು. ಟ್ಯೂಶನ್ ಮಕ್ಕಳಿಗೆ ಅಂತ ತೆಗೆದೆ. ಹೊರಗೆ ಹೋಗ್ತದೆ ಅಂತ ಗೊತ್ತಿರಲಿಲ್ಲ. ಆಮೇಲೆ ಹೆದರಿದೆ."

"ಬರಿ ಅದನ್ನೇ. ಸ್ಟಾಫ್ ಗ್ರೂಪಿಗೆ."

ಅವನು ನೆಲದಲ್ಲಿ ಕೂತೇ ಮೊಬೈಲ್ ತೆಗೆದ. ಬೆರಳು ತಪ್ಪುತ್ತಿತ್ತು, ಅಳಿಸಿ ಅಳಿಸಿ ಬರೆದ. ಬರೆದು ಪರದೆಯನ್ನು ಅವಳತ್ತ ಹಿಡಿದ. 'ಪ್ರಶ್ನೆಪತ್ರಿಕೆಯ ಫೋಟೊ ತೆಗೆದವನು ನಾನು. ತೃಪ್ತಿ ಮೇಡಂ ನಿರಪರಾಧಿ.'

"ಕಳಿಸ್ತೇನೆ. ಕಳಿಸಿದ ಮೇಲೆ ಬಿಚ್ಚುತ್ತಿ ಅಲ್ವಾ?"

ಹೆಬ್ಬೆರಳು ಇಳಿಯತೊಡಗಿತು. ಕಾಲೇಜು, ಕ್ಲಾಸು, ಹೆಸರು, ಎಲ್ಲ ಆ ಹೆಬ್ಬೆರಳಿನ ಕೆಳಗಿತ್ತು. ತೃಪ್ತಿ ಅವನ ಮುಖ ನೋಡಿದಳು. ಬೆವರು, ಸಿಂಬಳ, ಬದುಕುವ ಆಸೆ. ಇವನು ಕಳಿಸುತ್ತಾನೆ, ಎದ್ದು ಮನೆಗೆ ಹೋಗುತ್ತಾನೆ. ಬೇರೆ ಕಾಲೇಜಿನಲ್ಲಿ ಬೋರ್ಡಿನ ಮುಂದೆ ನಿಲ್ಲುತ್ತಾನೆ. ಗಂಡಸರಿಗೆ ಕೆಲಸ ಸಿಗುತ್ತದೆ. ಅಷ್ಟೇಯಾ? ಅಷ್ಟಕ್ಕೇ ಮುಗಿಯಿತಾ?

ಸಾಲದು.

ಬಟ್ಟೆ ಮುಗಿದ ದಿನ ಅವನು ಕೂತಲ್ಲೇ ಹೋದ, ಎಂದಿದ್ದಳು ಹೇಮಾಕ್ಷಿ.

ಕತ್ತರಿಸಿ ಇಳಿಸಿದರೆ ಬಟ್ಟೆ ಮುಗಿದ ಹಾಗೆ. ತೃಪ್ತಿ ಕತ್ತರಿ ಎತ್ತಿಕೊಂಡಳು.

"ಬೇಡ!" ವಿಶ್ವೇಶನ ಬೆರಳು ಪರದೆಯಿಂದ ಮೇಲೆದ್ದಿತು. "ತೃಪ್ತಿ, ಬೇಡ, ಕಳಿಸ್ತಾ ಇದ್ದೇನಲ್ಲ!"

ಅವಳು ಬಟ್ಟೆಯ ಅಂಚಿಗೆ ಕತ್ತರಿ ಇಟ್ಟು ಒತ್ತಿದಳು. ಒಂದು ಹಿಡಿ ಎಳೆ ತುಂಡಾಯಿತು.

ಟಪ್.

ಸದ್ದು ಅವಳ ಬಾಯೊಳಗೆ ಆಯಿತು.

ನಾಲಿಗೆಯ ಬುಡದಲ್ಲಿ ಏನೋ ಹರಿಯಿತು. ಎಂಜಲು ಇಂಗಿತು. ಒಂದೇ ಏಟಿಗೆ. ಬಾಯಿ ತುಂಬ ಬೂದಿ. ಕೂಗಿದಳು. ದನಿ ಬರಲಿಲ್ಲ. ಮತ್ತೆ ಕೂಗಿದಳು. ಗಾಳಿ ಮಾತ್ರ. ಕಾಲು ಸೋತಿತು. ಬಲಗೈ ಮರಗಟ್ಟಿತು. ಕತ್ತರಿ ಜಾರಿ ನೆಲಕ್ಕೆ ಬಿತ್ತು. ಹಿಂದೆಯೇ ಅವಳೂ ಬಿದ್ದಳು.

ಕತ್ತರಿ ಕತ್ತರಿಸುವುದು ಉದ್ದದ ಎಳೆಯನ್ನು. ಅಡ್ಡದ್ದನ್ನಲ್ಲ. ಅಡ್ಡಕ್ಕೆ ಇದ್ದದ್ದು ಅವನು. ಉದ್ದಕ್ಕೆ, ಒಂದೊಂದು ಗಂಟಿನಲ್ಲೂ, ತನ್ನ ಬಾಯಿ. 'ಕತ್ತರಿ ಕೊಟ್ಟದ್ದು ನಾನೇ' ಎಂದು ಹೊರಗೆ ನೋಡಿದ ಹೇಮಾಕ್ಷಿಯ ಮುಖ ಈಗ ಅರ್ಥವಾಯಿತು. ಎಂಜಲು ತಾಗಿಸಬೇಡಿ.

ಬಟ್ಟೆಯ ಅಂಚು ಸಡಿಲಾಗಿತ್ತು. ವಿಶ್ವೇಶ ಉಸಿರೆಳೆದ. ತಡೆಯಿಲ್ಲದೆ, ಎದೆ ತುಂಬ. ಅವನಿಗೇ ನಂಬಿಕೆಯಾಗಲಿಲ್ಲ. ಇನ್ನೊಮ್ಮೆ ಎಳೆದ. ಬಿದ್ದಿದ್ದ ಅವಳನ್ನು ನೋಡಿದ. ತುಂಡಾಗಿ ನೇತಾಡುತ್ತಿದ್ದ ಎಳೆಗಳನ್ನು ನೋಡಿದ. ಮತ್ತೆ ಅವಳನ್ನು. ಅವನೂ ಪಾಠ ಮಾಡುವವನು. ತುಂಡಾಗದೆ ಉಳಿದಿದ್ದ ಒಂದು ಎಳೆಯನ್ನು ಉಗುರಿನಿಂದ ಮೆಲ್ಲಗೆ ಮೀಟಿದ.

ನೆಲದ ಮೇಲೆ ತೃಪ್ತಿಯ ಮೈ ಅದುರಿತು.

"ಓ," ಎಂದ. "ಹೀಗಾ."

ಆಮೇಲೆ ಅವನು ಅವಸರ ಮಾಡಲಿಲ್ಲ. ಸ್ಟೂಲಿನ ಮೇಲೆ, ಅವಳ ಜಾಗದಲ್ಲಿ, ಕೂತ. ಕತ್ತರಿಸಿದ ಅಂಚಿನಿಂದ ತನ್ನ ನೂಲಿನ ತುದಿ ಹುಡುಕಿದ. ಒಂದೊಂದೇ ಸಾಲು ಬಿಚ್ಚಿ ಎಳೆದು, ಬೆರಳಿಗೆ ಸುತ್ತಿ, ಜೇಬಿಗೆ ಹಾಕಿಕೊಂಡ. ಪಟ್ಟಿ ಖಾಲಿಯಾದಂತೆ ಅವನ ಕುತ್ತಿಗೆಯ ಗೆರೆಗಳು ಮಾಸಿದವು. ತೃಪ್ತಿ ನೋಡುತ್ತಲೇ ಇದ್ದಳು. ಕಣ್ಣು ಮಾತ್ರ ಅವಳ ಮಾತು ಕೇಳುತ್ತಿತ್ತು.

ಮೊಬೈಲ್ ನೆಲದಲ್ಲಿ ಇನ್ನೂ ಬೆಳಗುತ್ತಿತ್ತು. ಅವನು ಎತ್ತಿಕೊಂಡು, ಅವಳಿಗೆ ಕಾಣುವ ಹಾಗೆ ಹಿಡಿದು, ಹಿಂದಿನಿಂದ ಅಳಿಸುತ್ತ ಬಂದ. ನಿರಪರಾಧಿ ಹೋಯಿತು. ಮೇಡಂ ಹೋಯಿತು. ಕೊನೆಗೆ ತೃಪ್ತಿ ಹೋಯಿತು. ಉಳಿದದ್ದನ್ನೂ ಅಳಿಸಿದ.

ಎದ್ದು ಶಟರನ್ನು ಪೂರ್ತಿ ಕೆಳಗೆಳೆದ. ಕತ್ತಲೆಯಲ್ಲಿ ಅವನ ಉಸಿರು ಕೇಳಿಸುತ್ತಿತ್ತು. ಆರಾಮದ, ಉದ್ದನೆಯ ಉಸಿರು. ಕೈ ನೆಲ ತಡವಿತು. ಕತ್ತರಿ ಸಿಕ್ಕಿತು.

"ಡಾಕ್ಟರು ಹೇಳಿದ್ರಂತೆ ಅಲ್ವಾ, ಇದರಲ್ಲಿ ಮನಸ್ಸಿನ ಭಾರ ಇಳೀತದೆ ಅಂತ? ರೇಚಲ್ ಹೇಳ್ತಿದ್ದಳು," ಎಂದ ವಿಶ್ವೇಶ. "ಒಳ್ಳೇದುಂಟು ಮಾರಾಯ್ತಿ."

ಅವನು ಒಂದೇ ಒಂದು ಎಳೆಯನ್ನು ಬೆರಳಿನಿಂದ ಆರಿಸಿ ಎತ್ತಿದ.

ಟಪ್.