ರಾಟೆಯ ಪಿನ್ನು

2025ರ ಅಕ್ಟೋಬರ್ 14, ಮಂಗಳವಾರ, ಬೆಳಿಗ್ಗೆ 9.40. ಬಾಗಿ ಠಾಣೆಯ ಮೆಟ್ಟಿಲು ಹತ್ತಿದಾಗ ಎಸ್.ಐ. ರವಿಚಂದ್ರ ಇನ್ನೂ ಚಹಾ ಮುಗಿಸಿರಲಿಲ್ಲ. ಅವಳ ಗಂಡ ಮುತ್ತನ ಹೆಣ ಹಿಂದಿನ ದಿನವಷ್ಟೇ ಮರವಂತೆಯ ದಂಡೆಗೆ ಬಂದಿತ್ತು. ಶನಿವಾರ ಮಂಜಯ್ಯನ ಟ್ರಾಲ್ ಬೋಟಿನಲ್ಲಿ ಬಲೆ ಎಳೆಯುವಾಗ ತಲೆಯ ಮೇಲಿನ ರಾಟೆಯ ಪಿನ್ನು ಮುರಿದು, ಸಿಡಿದ ತಂತಿಹಗ್ಗ ಅವನನ್ನು ಕಡಲಿಗೆ ಎಸೆದಿತ್ತು.

ಬಂದರಿನವರಿಗೆ ತನಿಖೆಯೇ ಬೇಕಿರಲಿಲ್ಲ. ಎರಡು ವರ್ಷದ ಹಿಂದೆ ಅದೇ ಬೋಟಿನಿಂದ ಬಿದ್ದ ಕೀರ್ತನ್ ಎಂಬ ಹುಡುಗನ ಹೆಣ ಸಿಕ್ಕಿರಲಿಲ್ಲ. ಮೂರು ವಾರದಿಂದ ಬೋಟಿನ ಮೇಲೆ ಯಾರೋ ನರಳುತ್ತಿದ್ದರಂತೆ. ಶಾಂತಿ ಮಾಡಿಸಿ ಸುಮ್ಮನಿರು ಎಂದು ಮೈದುನರೂ ಬಾಗಿಗೆ ಹೇಳಿದ್ದರು.

"ಕೀರ್ತನ ಬಂದ್ ಕರ್ಕಂಡ್ ಹೋದ ಅಂತ್ರ್ ಎಲ್ಲ. ಸತ್ತವ್ರ್ ಕಬ್ಣ ಮುರಿತ್ರಾ ಸಾರ್? ಯಾರ್ ಮುರ್ದದ್ ಅಂತ ನಂಗ್ ಗೊತ್ತಾಗ್ಬೇಕ್," ಎಂದಳು ಬಾಗಿ.

ನಿರ್ಲಕ್ಷ್ಯದಿಂದಾದ ಸಾವು ಎಂದು ಎಫ್ಐಆರ್ ದಾಖಲಾಯಿತು.

12.15ಕ್ಕೆ ಪಂಚನಾಮೆ. ಪಂಚರಿಬ್ಬರೂ ಬೋಟ್ ಹತ್ತಲು ಒಪ್ಪದೆ ಬಂದರಿನ ಧಕ್ಕೆಯಲ್ಲೇ ಕಾಲು ನೆಟ್ಟರು. ರವಿಚಂದ್ರ ಗದರಿಸಿ ಹತ್ತಿಸಿದ. ದೆವ್ವ ಎಂದರೆ ಮೂಗು ಮುರಿಯುವ ಮನುಷ್ಯ ಅವನು. ಸುಡುಬಿಸಿಲು, ಎಲೆ ಅಲುಗದಷ್ಟು ಗಾಳಿ ಸತ್ತಿತ್ತು. ಆಗ ತಲೆಯ ಮೇಲಿಂದ ಆ ಸದ್ದು ಬಂತು. ಗಂಟಲು ಕಟ್ಟಿದವನೊಬ್ಬ ಏನನ್ನೋ ಹೇಳಲು ಹೆಣಗುವ ಹಾಗಿತ್ತು. ಪಂಚನೊಬ್ಬ ಕಣ್ಣು ಮುಚ್ಚಿ ಕೈಮುಗಿದ. ರವಿಚಂದ್ರನಿಗೆ ಭಯವಾಯಿತು, ಖಾಕಿ ಹಾಕಿಕೊಂಡ ಹದಿನಾಲ್ಕು ವರ್ಷದಲ್ಲಿ ಹಾಗೆ ಭಯವಾಗಿರಲಿಲ್ಲ.

ಕಾನ್‌ಸ್ಟೇಬಲ್ ಚಂದನಾ ಮಾತ್ರ ಕಂಬ ಹತ್ತಿ ನೋಡಿದಳು. ಮುರಿದ ಪಿನ್ನಿನ ಅರ್ಧ ತೂತಿನಲ್ಲೇ ಸಿಕ್ಕಿಕೊಂಡು, ಬೋಟ್ ಕೊಂಚ ವಾಲಿದಾಗಲೆಲ್ಲ ಉಜ್ಜಿ ನರಳುತ್ತಿತ್ತು. ಬಿರುಕು ಬಿಟ್ಟ ಪಿನ್ನು ಮುರಿಯುವ ಮೊದಲೂ ಹೀಗೇ ಉಜ್ಜುತ್ತಿದ್ದಿರಬೇಕು. ಕಿತ್ತು ತಂದರೆ ಹೊರಗೆಲ್ಲ ಕನ್ನಡಿಯ ಹೊಳಪು, ಒಳಗೆ ತುಕ್ಕು ತಿಂದ ಹುಳುಕು ಹಲ್ಲು. ಕತ್ತಿನ ಬಳಿ ಯಾರೋ ಸುತ್ತಲೂ ಸಣ್ಣ ಗೀರು ಕೊರೆದು, ಅದರ ಮೇಲೆ ಹೊಳಪಿನ ಲೇಪ ಕೊಟ್ಟಿದ್ದರು.

ಬೋಟಿನ ಮಾಲೀಕ, ಅದನ್ನು ನಡೆಸುವ ತಾಂಡೇಲನೂ ಆದ ಮಂಜಯ್ಯನನ್ನು 2.30ಕ್ಕೆ ಕರೆಸಲಾಯಿತು.

"ಪಿನ್ನು ಯಾವುದರದ್ದು?"

"ಎಸ್ಎಸ್. ಉಪ್ಪುನೀರಿಗೆ ಎಂಎಸ್ ಹಾಕುಕಾತ್ತಾ ಸಾರ್? ಒಂದ್ ವರ್ಷಕ್ಕೆ ತುಕ್ಕ್ ತಿಂದ್ ಹಾಕ್ತ್."

ಚಂದನಾ ಅಯಸ್ಕಾಂತವನ್ನು ತುಂಡಿನ ಹತ್ತಿರ ಹಿಡಿದಳು. ಟಕ್ಕನೆ ಕಚ್ಚಿತು. ಬೋಟಿಗೆ ಬಳಸುವ ಎಸ್ಎಸ್, ಅಂದರೆ ಸ್ಟೇನ್‌ಲೆಸ್ ಸ್ಟೀಲ್, ಆಗಿದ್ದರೆ ಹಾಗೆ ಕಚ್ಚುತ್ತಿರಲಿಲ್ಲ. ಇದು ಎಂಎಸ್, ಅಂದರೆ ಮೆದು ಉಕ್ಕು, ಸಾದಾ ಕಬ್ಬಿಣ. ಮಂಜಯ್ಯ ತುಂಡಿನ ಮೇಲೆ ಬಗ್ಗಿ ನೋಡಿದ. ಹೋದ ವರ್ಷ ಮಳೆಗಾಲದ ರಜೆಯಲ್ಲಿ ಮಂಗಳೂರಿನಿಂದ ಎಸ್ಎಸ್ ಸರಳನ್ನು ತಾನೇ ಆರಿಸಿ ತಂದು, ತಲ್ಲೂರಿನ ಲೇತ್ ಅಂಗಡಿಯ ಕಿಟ್ಟನಿಗೆ ಕೊಟ್ಟಿದ್ದಾಗಿ ಹೇಳಿದ. ಬಲೆ ಎಳೆಯುವಾಗ ಆ ರಾಟೆಯ ಕೆಳಗೆ ನಿಲ್ಲುವವನು ತಾಂಡೇಲನೇ. ಶನಿವಾರ ಸೊಸೆ ಹೆತ್ತ ಸೂತಕವೆಂದು ಬೋಟ್ ಮುಟ್ಟದೆ, ತನ್ನ ಜಾಗಕ್ಕೆ ಮುತ್ತನನ್ನು ಕಳಿಸಿದ್ದ.

ಕಿಟ್ಟ ಕೀರ್ತನ್‌ನ ಅಪ್ಪ.

4.10ಕ್ಕೆ ಅವರು ತಲ್ಲೂರು ತಲುಪಿದಾಗ ಲೇತ್ ತಿರುಗುತ್ತಿತ್ತು, ಅದರಲ್ಲಿ ಯಾವ ಸರಳನ್ನೂ ಸಿಕ್ಕಿಸಿರಲಿಲ್ಲ. ಖಾಲಿ ಯಂತ್ರದ ಮುಂದೆ ಕಿಟ್ಟ ಕೈಕಟ್ಟಿ ನಿಂತಿದ್ದ. ಗೋಡೆಯಲ್ಲಿ ಮಗನ ಫೋಟೋ, ಅದರ ಕೆಳಗೆ ಹಲಗೆಯ ಮೇಲೆ ಅಬ್ಬಲಿಗೆ ಹೂವಿನ ನಡುವೆ ಒಂದು ಪಿನ್ನು. ಚಂದನಾ ಅಯಸ್ಕಾಂತ ತಾಗಿಸಿದಳು, ಕಚ್ಚಲಿಲ್ಲ. ಕದಿಯುವವನಾಗಿದ್ದರೆ ಸರಳನ್ನು ಮಾರುತ್ತಿದ್ದ. ಇವನು ಎಸ್ಎಸ್‌ನಲ್ಲಿ ಅಳತೆ ತಪ್ಪದೆ ಪಿನ್ನು ಕಡೆದು ಸತ್ತ ಮಗನ ಮುಂದಿಟ್ಟು, ಅದೇ ಅಳತೆಯ ಎಂಎಸ್ ಪಿನ್ನನ್ನು ಬೋಟಿಗೆ ಕೊಟ್ಟಿದ್ದ. ರವಿಚಂದ್ರನಿಗೆ ಮಧ್ಯಾಹ್ನ ಬೋಟಿನಲ್ಲಾದ ಭಯವೇ ಮತ್ತೆ ಆಯಿತು.

"ಎರಡು ಯಾಕೆ ಮಾಡಿದೆ?"

"ಒಂದ್ ಮಗನಿಗೆ. ಒಂದ್ ಮಂಜಯ್ಯಂಗೆ," ಎಂದ ಕಿಟ್ಟ. "ಮುರಿಯು ದಿನ ನಾನ್ ನಿಶ್ಚಯ ಮಾಡ್ಲಿಲ್ಲೆ. ಅದನ್ನ್ ಉಪ್ಪುನೀರಿಗೇ ಬಿಟ್ಟೆ."

ಗ್ರೀಸ್ ಹಚ್ಚುವ ನೆಪದಲ್ಲಿ ತಿಂಗಳಿಗೊಮ್ಮೆ ಬೋಟಿಗೆ ಹೋಗಿ, ತುಕ್ಕು ಎಷ್ಟು ತಿಂದಿದೆ ಎಂದು ನೋಡಿ ಬರುತ್ತಿದ್ದನಂತೆ. ನರಳುವ ಸದ್ದು ಎಲ್ಲರಿಗಿಂತ ಮೊದಲು ಕೇಳಿದ್ದು ಅವನಿಗೇ. ಮಗನೇ ಕರೆಯುತ್ತಿದ್ದಾನೆ ಎಂದುಕೊಂಡನಂತೆ.

5.20ಕ್ಕೆ ದಸ್ತಗಿರಿ. ಕೊಲೆಯ ಕಲಂ ಸೇರಿಸಲು ವರದಿ ಹೋಯಿತು. ಹೇಳಿಕೆಯಲ್ಲಿ ಕಿಟ್ಟ ಏನನ್ನೂ ಮುಚ್ಚಿಡಲಿಲ್ಲ. ಕೀರ್ತನ್ ನೀರಿಗೆ ಬಿದ್ದಾಗ ಮಂಜಯ್ಯ ತುಂಬಿದ ಬಲೆ ಪೂರ್ತಿ ಎಳೆದುಕೊಂಡ ಮೇಲೆಯೇ ಬೋಟ್ ತಿರುಗಿಸಿದ್ದ. ಅದನ್ನು ಮಂಜಯ್ಯ ಇವತ್ತಿಗೂ ಅಲ್ಲಗಳೆದಿಲ್ಲ.

ರವಿಚಂದ್ರ ಕೊನೆಯ ಪ್ರಶ್ನೆ ಕೇಳಿದ. "ಶನಿವಾರ ಮುತ್ತ ಹೋಗುವುದು ಗೊತ್ತಿತ್ತಾ?"

"ಗೊತ್ತಿತ್ತ್. ಬೈಕ್ ನಿಲ್ಸಿ, ಇವತ್ತ್ ನಾನೇ ತಾಂಡೇಲ ಅಂತ ಹೇಳಿಯೇ ಹೋದ. ನಾನ್ ಪಿನ್ನಿನ ವಿಷ್ಯ ಹೇಳಿರೆ ಮಂಜಯ್ಯ ಬಚಾವಾತಿದ್ದ. ಪಿನ್ನ್ ಇವತ್ತೊಂದಿನ ತಡ್ಕಂತ್ ಅಂದ್ಕಂಡೆ."

ಎರಡು ವರ್ಷದ ಹಿಂದೆ ಮಗನನ್ನು ಉಳಿಸಲು ನೀರಿಗೆ ಹಾರಿದ್ದು ಇಡೀ ಬೋಟಿನಲ್ಲಿ ಮುತ್ತ ಒಬ್ಬನೇ, ಅದನ್ನೂ ಬರೆದುಕೊಳ್ಳಿ ಎಂದ ಕಿಟ್ಟ. ಚಂದನಾ ಬರೆದುಕೊಂಡಳು. ಹೊರಗೆ ಬೆಂಚಿನ ಮೇಲೆ ಬಾಗಿ ಕಾದು ಕೂತಿದ್ದಳು, ಅವಳಿಗೆ ಇದನ್ನು ಹೇಳಬೇಕಾದವನು ರವಿಚಂದ್ರ.