ಮಾವನ ಮುಖ ಬರೆದ ಸೊಸೆ

"ಅವರು ಬರೂದ್ರಾಗ ಚಿತ್ರದಾಗಿನ ಆ ಕಲೆ ಮುಚ್ಚು," ಎಂದು ಸಿದ್ದವ್ವ ಕುಂಚವನ್ನು ಸೊಸೆಯ ಮುಂದೆ ಒಗೆದಳು.

ನಿರ್ಮಲಾ ಅದನ್ನು ಮುಟ್ಟಲಿಲ್ಲ. ನರಗುಂದದ ಕಾಳಿನ ವ್ಯಾಪಾರಿ, ಮಾವ ಅಂದಾನಪ್ಪ ತೀರಿ ವರ್ಷ ತುಂಬುತ್ತಿತ್ತು. ಮುಖದ ಮೇಲೆ ತೊನ್ನಿದ್ದ ಆ ಮನುಷ್ಯ ಫೋಟೋಕ್ಕೆ ನಿಂತವನೇ ಅಲ್ಲ. ಇದ್ದದ್ದು ಆಧಾರ್ ಕಾರ್ಡಿನದೊಂದೇ. ಸ್ಟುಡಿಯೋದವರು ಗೋಡೆಗೆ ಹಾಕಲು ಅದನ್ನೇ ದೊಡ್ಡದು ಮಾಡಿ, ಕಲೆ ಅಳಿಸಿ, ಊರಿನ ಸತ್ತ ಹಿರಿಯರಿಗೆಲ್ಲ ತೊಡಿಸುವ ಅದೇ ಕರಿ ಕೋಟು, ಜರಿ ರುಮಾಲು ತೊಡಿಸುವುದಾಗಿ ಹೇಳಿದ್ದರು. ಗದಗಿನಲ್ಲಿ ಚಿತ್ರಕಲೆ ಕಲಿತಿದ್ದ ನಿರ್ಮಲಾ ತಾನೇ ಬರೆದಳು: ಬರಿತಲೆ, ಬನಿಯನ್, ಹಣೆಯಿಂದ ಗದ್ದದವರೆಗೆ ಗುಲಾಬಿ ಕಲೆಗಳು, ಅವುಗಳ ಅಂಚಿಗೆ ಹಸಿರು.

ನಾದಿನಿ ಪುಷ್ಪಾವತಿಯನ್ನು ನೋಡಲು ಗಜೇಂದ್ರಗಡದವರು ಇವತ್ತೇ ಬರುವವರಿದ್ದರು. ಜಗತ್ತಿಗೆ ಕ್ಯಾಮೆರಾ ಬಂದ ಮೇಲೆ ಫ್ರಾನ್ಸಿನ ಚಿತ್ರಕಾರರು ನಕಲು ಮಾಡುವುದನ್ನು ಬಿಟ್ಟು ತಾವು ಕಂಡದ್ದನ್ನು ಬರೆಯತೊಡಗಿದರು, ಸೆಜಾನ್ ಆ ದಾರಿ ತೋರಿದ, ಮಾತಿಸ್ 1905ರಲ್ಲಿ ಹೆಂಡತಿಯ ಮುಖದ ನಡುವೆಯೇ ಹಸಿರು ಪಟ್ಟಿ ಎಳೆದ ಎಂದು ನಿರ್ಮಲಾ ಅತ್ತೆಗೆ ವಿವರಿಸಿದಳು.

"ಅವನ ಮನ್ಯಾಗ ಲಗ್ನಕ್ಕ ನಿಂತ ಹುಡುಗಿ ಇದ್ಲೇನ?" ಎಂದಳು ಸಿದ್ದವ್ವ.

"ಸುಳ್ಳ ಮುಖಾ ಬರಿಯೂದಿಲ್ರಿ ಅತ್ತಿ. ಬ್ಯಾಡಾದ್ರ ಇಳಸ್ರಿ."

ಇಳಿಸಲು ಪುಷ್ಪಾವತಿ ಬಿಡಲಿಲ್ಲ.

ಬೀಗರಾಗಲು ಬಂದವರ ಕಣ್ಣು ಮೊದಲು ಗೋಡೆಗೇ ಹೋಯಿತು. ವರನ ತಂದೆ ನಕ್ಕು, "ಮಾಡರ್ನ್ ಆರ್ಟ್ ಏನ್ರಿ? ಅದ್ರಾಗ ಹಿಂಗ ಬಣ್ಣಾ ಹಚ್ತಾರಂತ," ಎಂದ. ನಿರ್ಮಲಾಳ ಗಂಡ ಸಿದ್ದಲಿಂಗ ಗಡಬಡಿಸಿ ಹೌದೆಂದ. ಅವಳೂ ಹೂಂ ಅಂದರೆ ಸಾಕಿತ್ತು, ಲಗ್ನ ಉಳಿಯುತ್ತಿತ್ತು... ತಾನು ನಂಬಿದ ಕಲೆಯ ಹೆಸರಿನಲ್ಲೇ ಸುಳ್ಳು! ನಾದಿನಿಯ ಕಡೆ ನೋಡಿದಳು. ಪುಷ್ಪಾವತಿ ನಿಜ ಹೇಳೆಂಬಂತೆ ತಲೆಯಾಡಿಸಿದಳು.

"ಅದು ಬಣ್ಣದ ಆಟ ಅಲ್ರಿ," ಎಂದಳು ನಿರ್ಮಲಾ. "ಮಾವಾರಿಗೆ ತೊನ್ನ ಇತ್ತು."

ಮನೆತನದಲ್ಲಿ ಮುಂದೆಯೂ ಬರುತ್ತದೇನೋ ಎಂದು ವರನ ತಾಯಿ ಗೊಣಗಿದಳು. ಪುಷ್ಪಾವತಿ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು.

"ನನಗೂ ಬರಬಹುದ್ರಿ, ಬರದನೂ ಇರಬಹುದು. ಬಂದಾಗ ಬಿಡವ್ರಿದ್ರ ಈಗ ಬಿಟ್ಟು ಹೋಗ್ರಿ."

ಫೋನ್ ಮಾಡುತ್ತೇವೆಂದು ಅವರು ಎದ್ದರು. ಶಿರಾ ತಟ್ಟೆಯಲ್ಲೇ ಉಳಿಯಿತು.

ಸಿದ್ದವ್ವ ನೇರ ಚಿತ್ರದ ಹತ್ತಿರ ಹೋದಳು. ಕಿತ್ತು ಒಗೆಯುತ್ತಾಳೆಂದೇ ಎಲ್ಲರೂ ತಿಳಿದರು. ಅವಳು ಬೆರಳಿಂದ ಚಿತ್ರದಲ್ಲಿನ ಗಂಡನ ಎಡಗಿವಿ ಮುಟ್ಟಿದಳು.

"ಕಿವಿ ಹಿಂದನೂ ಒಂದು ಇತ್ತು," ಎಂದಳು. "ಅದನ್ನ ಯಾಕ ಬಿಟ್ಟಿ?"

ತನಗದು ಗೊತ್ತಿರಲಿಲ್ಲವೆಂದು ನಿರ್ಮಲಾ ಹೇಳಿದಳು.

"ನಿನಗ್ಹ್ಯಾಂಗ ಗೊತ್ತಿರ್ತದ? ಬಾ, ಎಷ್ಟ ದೊಡ್ಡದಿತ್ತು ತೋರಸ್ತೀನಿ."